ಹುಳವಿಲ್ಲದ ನೀರು

೧೯೪೧ರ ಚೈತ್ರದಲ್ಲಿ ಯುರೋಪಿನ ರಾಜಧಾನಿಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಅದೇ ಹೊತ್ತಿಗೆ ಮೂಡಲಗಿಯಲ್ಲಿ ಅದಕ್ಕಿಂತ ಘನವಾದ ಸಂಗತಿಯೊಂದು ನಡೆಯಿತು. ಸೂಲಗಿತ್ತಿ ಮಾಯವ್ವನ ಎಮ್ಮೆ ನೀರು ಕುಡಿಯಲು ಒಲ್ಲೆನೆಂದಿತು.

ಎಮ್ಮೆಗೆ ನೀರಡಿಕೆ ಇರಲಿಲ್ಲವೆಂದಲ್ಲ. ಬಿಸಿಲಿಗೆ ಅದರ ನಾಲಿಗೆ ಹೊರಬಿದ್ದಿತ್ತು. ಎದುರಿಗೆ ಕಲ್ಲಿನ ಬಾನಿಯ ತುಂಬ ಬಸದಿ ಬಾವಿಯ ನೀರು. ಅದು ಮೂತಿ ಚಾಚಿತು, ಮೂಸಿತು, ಊಟದ ಪಂಕ್ತಿಯಲ್ಲಿ ಮಾನ ಕಡಿಮೆಯಾದ ಬೀಗರ ಹಾಗೆ ಮುಖ ಆಚೆ ತಿರುಗಿಸಿತು.

“ನೋಡ್ರಿ ಅಪ್ಪಣ್ಣಾರ, ಇದರ ಧಿಮಾಕ ನೋಡ್ರಿ!” ಎಂದಳು ಮಾಯವ್ವ. “ಹುಕ್ಕೇರಿ ಮಂದಿ ಚಕ್ಕಡಿ ಕಟಗೊಂಡ ಬಂದು ಒಯ್ಯೂ ನೀರು. ಈ ಮಾರಾಣಿಗೆ ಬ್ಯಾಡಂತ.”

“ಹಳ್ಳದ ನೀರು ಇಟ್ಟರ?”

“ರಾಡಿ ಇದ್ದರೂ ಗಟಗಟ ಕುಡೀತೈತಿ. ಹೊಲಸ ನಾಲಿಗಿ ಇದರದು.”

ಅಪ್ಪಣ್ಣ ಹೊಸಮನಿ ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಊರೂರು ತಿರುಗಿ ಮಕ್ಕಳ ರಟ್ಟೆಗೆ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕುವ ಸರಕಾರಿ ನೌಕರಿ ಮಾಡಿ, ಪೆನ್ಶನ್ ಆದ ಮೇಲೆ ಪತ್ತೇದಾರಿಕೆಗೆ ಇಳಿದವನು ಅವನು. ಎರಡೂ ಒಂದೇ ಕಸುಬೆಂಬುದು ಅವನ ಅಭಿಪ್ರಾಯ. ಇವನು ಬಂದನೆಂದರೆ ಸಾಕು, ಮಂದಿ ಏನನ್ನೋ ಒಳಗೆ ಬಚ್ಚಿಡುತ್ತಾರೆ. ಹುಡುಕಿ ಹೊರಗೆ ತೆಗೆದರೆ ಚೀರುತ್ತಾರೆ.

ಮಾಯವ್ವ ಹೆರಿಗೆ ಮಾಡಿಸಿದ ಸೀತಾಬಾಯಿ ಕೈಕಾಲಿನ ಸ್ಪರ್ಶ ಕಳೆದುಕೊಂಡು ಮಲಗಿದ್ದಾಳೆ, ಅವಳ ಹೊಟ್ಟೆಗೆ ಸೋಮಲವೆಂಬ ಬಿಳಿ ಪಾಷಾಣ ಹೋಗಿದೆಯೆಂದು ಗೋಕಾಕದ ಡಾಕ್ಟರು ಹೇಳಿದ್ದಾರೆ, ಮಾಯವ್ವನ ಔಷಧದ ಗಂಟಿನಲ್ಲಿ ಚಿಟಿಕೆ ಸೋಮಲ ಸಿಕ್ಕಿದೆ. ಇಷ್ಟು ಹೇಳಿದರೆ ಹಿಂದಿನದೆಲ್ಲ ಹೇಳಿದಂತಾಯಿತು. ಅವಳನ್ನು ಒಯ್ಯಲು ಪೋಲೀಸ್ ಫೌಜದಾರರು ಇಂದು ಮಧ್ಯಾಹ್ನ ಬರುವವರಿದ್ದರು.

“ಹೊತ್ತ ಇಳಿಯೂದರೊಳಗ ನೀವೇನರ ಹುಡುಕ್ಯಾಡತೀರೋ ಇಲ್ಲೋ?” ಎಂದಳು ಮಾಯವ್ವ, ಎಮ್ಮೆಯ ಕಿವಿಯ ಉಣ್ಣಿ ತೆಗೆಯುತ್ತ. “ಇಲ್ಲಾಂದ್ರ ಇದರ ಹಗ್ಗ ಯಾರ ಕೈಯಾಗ ಕೊಡ್ಲಿ, ಅದನ್ನರ ಹೇಳ್ರಿ. ದನದ ಹುಣ್ಣಿಗೆ ಹಚ್ಚಾಕ ಇಟಗೊಂಡ ಸೋಮಲ ಅದು. ಬಾಣಂತಿಗೆ ಕೊಡಾಕ ನನಗೇನ ಹುಚ್ಚ ಹಿಡದಿತ್ತೇನು?”

ಅಪ್ಪಣ್ಣ ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿದ. ಕೂಡಲೆ ಉಗುಳಿದ. ತಿಕ್ಕದ ತಾಮ್ರದ ಚರಿಗೆಯನ್ನು ನೆಕ್ಕಿದ ಹಾಗಿತ್ತು.

“ಎಮ್ಮಿ ಶಾಣ್ಯಾ ಐತಿ,” ಎಂದು ಎದ್ದ. “ನೀ ಎಲ್ಲೂ ಹೋಗಬ್ಯಾಡ.”

“ನಾ ಎಲ್ಲಿ ಹೋಗಲ್ಯೋ ಯಪ್ಪಾ. ಒಯ್ಯಾಕ ಅವರಽ ಬರತಾರಲ್ಲ.”

*

ಬಸದಿ ಓಣಿಯ ಬಾವಿ ಹಿಂದಿನ ದೀಪಾವಳಿಯ ತನಕ ಎಲ್ಲ ಬಾವಿಗಳಂಥ ಬಾವಿ. ಹಸಿರು ಪಾಚಿ, ಕಪ್ಪೆ, ಗೋಡೆಯ ಸಂದಿನಲ್ಲಿ ಒಂದು ನೀರಹಾವು. ಯಾರೂ ಅದರ ಬಗ್ಗೆ ಮಾತಾಡಿದವರಿಲ್ಲ. ಸಂಕ್ರಾಂತಿ ದಾಟಿದ ಮೇಲೆ ನೀರು ತಿಳಿಯಾಗುತ್ತ ಬಂತು. ಯುಗಾದಿಯ ಹೊತ್ತಿಗೆ ಅದು ನೀರೋ ಗಾಳಿಯೋ ತಿಳಿಯದ ಹಾಗಾಗಿ, ಮಂದಿ ನೋಡಲು ಬರತೊಡಗಿದರು.

ಅಪ್ಪಣ್ಣ ಮೆಟ್ಟಿಲು ಇಳಿದ. ಇನ್ನೂ ಒಣಗಿದ್ದೇ ಎಂದು ತಿಳಿದು ಇಟ್ಟ ಕಾಲು ಮೊಣಕಾಲ ತನಕ ನೀರೊಳಗೆ ಹೋಯಿತು. ನೀರು ಎಲ್ಲಿಂದ ಸುರುವಾಗಿದೆ ಎಂಬುದೇ ಕಂಡಿರಲಿಲ್ಲ.

ಅವನು ಅಲ್ಲೇ ನಿಂತ. ಬಿಸಿಲ ಕೋಲೊಂದು ನೇರ ಇಳಿದು ತಳ ಮುಟ್ಟಿತ್ತು. ಮೆಟ್ಟಿಲುಗಳು ಒಂದರ ಕೆಳಗೊಂದು, ಈಗ ತಾನೆ ಕಲ್ಲುಕುಟಿಗರು ಎದ್ದುಹೋದ ಹಾಗೆ, ಬೆಳ್ಳಗೆ ಇಳಿದಿದ್ದವು. ಉಳಿಯ ಏಟು ಏಟೂ ಕಾಣುತ್ತಿತ್ತು. ಎಲ್ಲಕ್ಕೂ ಕೆಳಗೆ, ಎಂದೋ ಕೈಜಾರಿ ಬಿದ್ದ ಹಿತ್ತಾಳೆಯ ಕೊಡವೊಂದು ಓರೆಯಾಗಿ ಮಲಗಿತ್ತು. ಅದರ ಕಂಠಕ್ಕೆ ಕೊರೆದ ಹೆಸರನ್ನು ಮೇಲಿನಿಂದಲೇ ಓದಬಹುದಿತ್ತು.

ದಂಡೆಯ ಮೇಲೆ ಹತ್ತಾರು ಜನ ಇದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮೂಡಲಗಿಯ ಮಂದಿ ದನಿ ತಗ್ಗಿಸುವುದು ಅಪರೂಪ, ಸಂತೆಯ ಊರು.

ಅಪ್ಪಣ್ಣನಿಗೂ ಕೈಮುಗಿಯಬೇಕೆನಿಸಿತು. ಎತ್ತಿದ ಕೈ ಅರ್ಧದಲ್ಲೇ ನಿಂತಿತು.

ಕಪ್ಪೆ ಎಲ್ಲಿ?

ಪಾಚಿ ಎಲ್ಲಿ? ನೀರ ಮೇಲೆ ಓಡಾಡುವ ಉದ್ದಕಾಲಿನ ಹುಳ ಎಲ್ಲಿ? ಎಷ್ಟು ಹೊತ್ತು ನೋಡಿದರೂ ಆ ನೀರಿನಲ್ಲಿ ಅಲುಗುತ್ತಿದ್ದದ್ದು ಅವನ ಕಾಲಿನ ನೆರಳು ಒಂದೇ.

*

ಮೇಲಿನ ಕಟ್ಟೆಯ ಮೇಲೆ ಜಿನ್ನವ್ವ ನೀರು ಗಾಳಿಸುತ್ತಿದ್ದಳು. ಸೀತಾಬಾಯಿಯ ಅತ್ತೆ ಈಕೆ. ಕೊಡದ ಬಾಯಿಗೆ ಎರಡು ಮಡಿಕೆ ಬಿಳಿ ಬಟ್ಟೆ, ಮೇಲಿಂದ ಸಣ್ಣ ಧಾರೆ.

ಜೈನರ ಮನೆಯಲ್ಲಿ ಗಾಳಿಸದ ನೀರು ಕುಡಿಯುವುದಿಲ್ಲ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಬಟ್ಟೆಯಲ್ಲಿ ಉಳಿದ ಹುಳಹುಪ್ಪಡಿಯನ್ನು ಎಲ್ಲೆಂದರಲ್ಲಿ ಝಾಡಿಸಬಾರದು. ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ, ನೀರ ತನಕ ಇಳಿಸಿ, ಪೆಟ್ಟಾಗದ ಹಾಗೆ ಮರಳಿ ಬಿಡಬೇಕು. ಅವುಗಳ ಮನೆ ಅದು.

ಜಿನ್ನವ್ವ ಬಟ್ಟೆಯನ್ನು ತಿರುವಿ ಸಣ್ಣ ಕೊಳಗದಲ್ಲಿ ಅದ್ದಿ, ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಬಾವಿಗೆ ಇಳಿಸಿದಳು.

“ಏನೇನ ತಿರುಗಿ ಬಿಟ್ರಿ ಜಿನ್ನಕ್ಕಾ?” ಎಂದ ಅಪ್ಪಣ್ಣ.

“ಏನೂ ಇಲ್ರಿ. ಪದ್ಧತಿ ಬಿಡಬಾರದಂತ ಮಾಡತೇನಿ.” ಅವಳ ಮುಖ ಬೆಳಗಿತು. “ಮೊದಲ ಭಾಳ ಬರತಿದ್ದವು. ಬಟ್ಟಿ ತುಂಬ ಪಿಳಿಪಿಳಿ ಅಂತಿದ್ದವು. ತಿರುಗಿ ನೀರು ಮುಟ್ಟಿಸೂತನಕ ನನ್ನ ಜೀವದಾಗ ಜೀವ ಇರತಿದ್ದಿಲ್ಲ. ಸಂಕ್ರಾಂತಿ ಮುಂದ ಕಡಿಮಿ ಆದವು. ಈಗ ಒಂದೂ ಇಲ್ಲ. ಯಾವ ಜೀವಕ್ಕೂ ನೋವಿಲ್ಲದ ನೀರು ನೋಡ್ರಿ! ಇಂಥಾದ್ದು ಕುಡ್ಯಾಕ ಎಷ್ಟ ಜನ್ಮದ ಪುಣ್ಯ ಬೇಕೋ.”

“ಸೊಸಿಗೂ ಇದಽ ನೀರೇನು?”

“ಅಕಿಗೆ ಬ್ಯಾರೆ ನೀರು ತೋರಿಸೇ ಇಲ್ಲ. ಎದಿಹಾಲು ಬರಲಿ ಅಂತ ತಂಬಿಗಿ ಮ್ಯಾಲ ತಂಬಿಗಿ. ಮನ್ಯಾಗಿನ ಬಾವಿ ನೀರಾಗ ಹುಳ ಅದಾವ್ರಿ. ಬಾಣಂತಿ ಕೈಲೆ ಪಾಪ ಯಾಕ ಮಾಡಸೂದು?”

ಇಡೀ ಓಣಿ, ಹುಕ್ಕೇರಿಯ ಚಕ್ಕಡಿಗಳು, ಬಸದಿಯ ಪಂಡಿತರು, ಎಲ್ಲರೂ ನೀರನ್ನು ನೋಡಿದ್ದರು. ಖಾಲಿ ಬಟ್ಟೆಯನ್ನು ಪುಣ್ಯವೆಂದು ತಿಳಿದಿದ್ದರು. ಜಗತ್ತಿನಲ್ಲಿ ಬೇರೆ ಯಾರೂ ಈ ತಪ್ಪು ಮಾಡಲಾರರು. ಹುಳದ ಮೇಲೆ ಕರುಣೆ ಇಲ್ಲದವನು ಹುಳ ಎಣಿಸುವುದಿಲ್ಲ.

“ಜಿನ್ನಕ್ಕಾ,” ಎಂದ ಅಪ್ಪಣ್ಣ, “ಅವು ಎಲ್ಲಿ ಹೋದವು ಅಂತ ತಿಳಕೊಂಡೀರಿ?”

“ಎಲ್ಲಿ ಅಂದ್ರ?”

“ಹುಳ ಬದುಕಲಾರದ ನೀರಾಗ ನಿಮ್ಮ ಸೊಸಿ ಹ್ಯಾಂಗ ಬದುಕ್ಯಾಳು?”

ಜಿನ್ನವ್ವ ಹಗ್ಗ ಹಿಡಿದ ಕೈ ಹಿಡಿದಂತೇ ನಿಂತಳು. ಅವಳು ಬಾವಿಯ ಕಡೆ ನೋಡಿದ ರೀತಿಯಲ್ಲಿ ಭಕ್ತಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಹೋಗುತ್ತಿತ್ತು.

ಅಪ್ಪಣ್ಣ ಕಟ್ಟೆಯ ಮೇಲೆ ನಿಂತು ಕೇಳಿದ: “ಈ ಓಣ್ಯಾಗ ಪಾದ ಜುಮುಜುಮು ಅನ್ನಾಕತ್ತಿದ್ದು ಯಾರ್ಯಾರಿಗೆ?”

ಒಬ್ಬ ಮುದುಕ ತನಗೆಂದ. ಅದು ವಯಸ್ಸಿನದೆಂದೂ ಸೇರಿಸಿದ. ಇನ್ನೊಬ್ಬ ತನಗೂ ಎಂದ. ಅದು ಕರಿ ಹೊಲದ ತಂಪಿನದು. ಪೇಟೆಯ ಗುಮಾಸ್ತ ಹೊಸ ಚಪ್ಪಲಿಯ ಮೇಲೆ ಹಾಕಿದ. ಬಸದಿಯ ಪಂಡಿತರು ತಮ್ಮ ಅಂಗೈ ಗಟ್ಟಿಯಾಗಿ ಕಪ್ಪಿಟ್ಟಿದ್ದನ್ನು ಗಂಧ ತೇಯ್ದು ಆದದ್ದೆಂದು ತೋರಿಸಿದರು. ಹೆಂಗಸರು ತಮ್ಮ ಸರದಿಗೆ ಕಾಯುತ್ತಿದ್ದರು.

“ಹಂಗಾರ,” ಎಂದ ಅಪ್ಪಣ್ಣ, “ಮಾಯವ್ವ ಪಂಡಿತರ ಹೆರಿಗೀನೂ ಮಾಡ್ಯಾಳೇನು?”

ನಗೆ ಎದ್ದಿತು. ಎದ್ದ ನಗೆ ನಡುವೆಯೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ಆ ಬೆಳ್ಳನೆಯ ಮೆಟ್ಟಿಲುಗಳನ್ನು ನೋಡಿದರು.

ಹುಕ್ಕೇರಿಯವನೊಬ್ಬ ತುಂಬಿದ ಕೊಡವನ್ನು ಹೆಗಲಿನಿಂದ ಇಳಿಸಿ ಅಲ್ಲೇ ನೆಲಕ್ಕೆ ಸುರುವಿದ. ನೀರು ಅಷ್ಟಗಲ ಹರಡಿತು. ಅಪ್ಪಣ್ಣ ನೋಡುತ್ತಿದ್ದಂತೆ ನೆಲ ಅದನ್ನು ಸದ್ದಿಲ್ಲದೆ ಕುಡಿಯಿತು.

*

ಸೋಮಲ ಒಂದೇ ಆಗಿದ್ದರೆ ಬಾಯಿಗೆ ತಾಮ್ರದ ರುಚಿ ಬರುತ್ತಿರಲಿಲ್ಲ. ಪಾಚಿ ಕೊಂದು ನೀರನ್ನು ಕನ್ನಡಿ ಮಾಡುವುದು ತಾಮ್ರದ ಉಪ್ಪಾದ ಮೈಲುತುತ್ತ. ಆಸ್ಪತ್ರೆಯ ನೀರಿನ ತೊಟ್ಟಿಗಳಿಗೆ ಅದನ್ನು ಹಾಕುವುದನ್ನು ಅಪ್ಪಣ್ಣ ನೌಕರಿಯಲ್ಲಿ ಕಂಡಿದ್ದ. ಮೈಲುತುತ್ತ, ಸೋಮಲ, ಎರಡೂ ಒಂದೇ ಸೂರಿನ ಕೆಳಗೆ ಇರುವ ಜಾಗ ಮೂಡಲಗಿಯಲ್ಲಿ ಒಂದೇ ಇತ್ತು. ಅದು ಸೀತಾಬಾಯಿಯ ಗಂಡ ಜಯಪಾಲನ ಬಣ್ಣದ ಅಂಗಳ.

ಲಡಾಯಿ ಸುರುವಾಗಿ ಜರ್ಮನಿಯ ಬಣ್ಣ ನಿಂತಾಗ ಗೋಕಾಕದ ಕಟ್ಟಿಗೆಯ ಆಟಿಕೆ ಗಿಳಿಗಳೆಲ್ಲ ಬೋಳಾಗುವ ಪ್ರಸಂಗ ಬಂದಿತ್ತು. ಆಗ ಜಯಪಾಲ ಎರಡು ವಿಷಗಳನ್ನು ಕುದಿಸಿ ಒಂದು ಹಸಿರು ಮಾಡಿದ. ಅಂಗಳದ ತುಂಬ ಚಾಪೆಗಳ ಮೇಲೆ ಅದು ಒಣಗುತ್ತಿತ್ತು. ಮಳೆ ಬಿದ್ದ ಮರುದಿನದ ಜೋಳದ ಹೊಲಕ್ಕೂ ಆ ಹಸಿರು ಇಲ್ಲ. ಅಪ್ಪಣ್ಣ ಬಾಗಿಲಲ್ಲಿ ಕ್ಷಣ ಕಣ್ಣು ಮುಚ್ಚಿ ತೆರೆಯಬೇಕಾಯಿತು.

“ಬರ್ರಿ ಕಾಕಾ,” ಎಂದ ಜಯಪಾಲ. ನಿದ್ದೆಗೆಟ್ಟ ಕಣ್ಣು, ಬೆರಳ ಸಂದಿನಲ್ಲಿ ಹಸಿರು. “ಮತ್ತ ಸೋಮಲದ ತಿಜೋರಿ ನೋಡಾಕ ಬಂದೀರೇನು? ಫೌಜದಾರರು ಹೋದ ವಾರ ತೂಗಿ ನೋಡ್ಯಾರ. ಬಂದ ಸೋಮಲಕ್ಕೂ ಬಣ್ಣಕ್ಕ ಹೋದ ಸೋಮಲಕ್ಕೂ ಸರಿ ಐತಿ.”

“ಸರಿ ಐತಿ ಅಂತ ನನಗೂ ಗೊತ್ತೈತಿ. ತೊಳದ ನೀರು ಯಾರರ ತೂಗಿದರೇನು?”

“ಯಾವ ನೀರು?”

“ಬಣ್ಣ ತೊಳೀತಿ. ಹಂಡೆ ತೊಳೀತಿ. ಆ ನೀರು.”

ಜಯಪಾಲನ ಮುಖದಲ್ಲಿ ಗಾಬರಿ ಕಾಣಿಸಬೇಕಿತ್ತು. ಅಪ್ಪಣ್ಣ ಅದಕ್ಕೇ ಕಾದಿದ್ದ. ಆದರೆ ಕಂಡದ್ದು ಬೇರೆ. ಒಳ್ಳೆಯ ಕೆಲಸವೊಂದನ್ನು ಯಾರೋ ಕೊನೆಗೂ ಕೇಳಿದರೆಂಬ ಸಣ್ಣ ಸಂಕೋಚ.

“ಹಳ್ಳಕ್ಕ ಬಿಡತಿದ್ದೆ ಕಾಕಾ, ಮೊದಲ. ಖರೆ ಹೇಳತೇನಿ. ಹೋದ ಶ್ರಾವಣದಾಗ ಒಂದ ಮುಂಜಾನೆ ಹೋಗಿ ನೋಡಿದರ, ಮೀನ ಅಷ್ಟೂ ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ತಿದ್ದವು. ಬೆಳ್ಳಗ. ದಂಡಿಗುಂಟ. ಸಣ್ಣ ಮರಿ ಸೈತ.” ಅವನು ಕೈಯನ್ನು ಧೋತರಕ್ಕೆ ಒರೆಸಿದ. “ನಮ್ಮ ಕುಲದಾಗ ಹುಟ್ಟಿ ಅಷ್ಟು ಜೀವ ತೆಗದೆ. ಅವತ್ತಽ ಬಸದ್ಯಾಗ ಆಣಿ ಮಾಡಿದೆ. ಹಳ್ಳಕ್ಕ ಒಂದ ಹನಿ ಬಿಡೂದಿಲ್ಲಂತ.”

“ಒಂದ ಹನಿ ಬಿಟ್ಟಿಲ್ಲೇನು?”

“ಇಲ್ಲ.”

“ಮತ್ತ ಎಲ್ಲಿ?”

ಜಯಪಾಲ ಅಂಗಳದ ಮೂಲೆ ತೋರಿಸಿದ. ನೆಲಮಟ್ಟದಲ್ಲಿ ಒಂದು ಹಾಸುಗಲ್ಲು, ಸುತ್ತ ಮಣ್ಣು ಮೆತ್ತಿದ್ದು. “ಅಜ್ಜನ ಕಾಲದ ಹಗೇವು. ಜೋಳ ತುಂಬತಿದ್ದರಲ್ಲ, ಅದು. ನೆಲದೊಳಗ ಎಷ್ಟೋ ಆಳುದ್ದ. ಬತ್ತಿದ ನೆಲ, ಒಳಗ ಒಂದ ಜೀವ ಇಲ್ಲ. ಯಾರಿಗೂ ಹಿಂಸಾ ಆಗಬಾರದಂತ ಅದರಾಗ ಹೊಯ್ಸತೇನಿ.”

ಇಷ್ಟು ಕರುಣೆಯಿಂದ ಇಷ್ಟು ವಿಷವನ್ನು ಬಚ್ಚಿಟ್ಟ ಮನುಷ್ಯನನ್ನು ಅಪ್ಪಣ್ಣ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

“ಜಯಪಾಲ, ಕುಂಡ್ರು.”

“ಯಾಕ್ರಿ?”

“ಕುಂಡ್ರಂದೆ. ನಿನ್ನ ರಟ್ಟಿಗೆ ದೇವಿ ಹಾಕಿದಾಂವ ನಾನು. ಅವತ್ತೂ ನೀ ನಿಂತಽ ಇರತೇನಿ ಅಂದಿದ್ದಿ, ಆಮ್ಯಾಲ ಬಿದ್ದಿ.”

ಜಯಪಾಲ ಕುಳಿತ. ಅಪ್ಪಣ್ಣ ಅವನ ತಾಯಿಯ ಖಾಲಿ ಬಟ್ಟೆಯ ಸಂಗತಿ ಹೇಳಿದ. ಮೆಟ್ಟಿಲು ಹೇಳಿದ, ಪಂಡಿತರ ಅಂಗೈ ಹೇಳಿದ, ಬಾಣಂತಿಯ ತಂಬಿಗೆ ಹೇಳಿದ.

ಜಯಪಾಲ ಹಾಸುಗಲ್ಲಿನ ಕಡೆ ಕೈ ಮಾಡಿದ.

“ಮ್ಯಾಲ ಕಲ್ಲ ಐತಿ ಕಾಕಾ. ಮಣ್ಣ ಮೆತ್ತೇನಿ. ಹೊರಗ ಬರಾಕ ಹಾದಿ ಎಲ್ಲೈತಿ?”

“ಮ್ಯಾಲ ಹಾದಿ ಮುಚ್ಚಿದಿ. ಕೆಳಗ?”

“ನಡುವ ಪೇಟಿ ಐತಿ. ಎರಡ ಓಣಿ ಅದಾವು.”

“ಅವೆಲ್ಲ ಮ್ಯಾಲ ಅದಾವ. ಕೆಳಗ ಪೇಟಿ ಇಲ್ಲ, ಓಣಿ ಇಲ್ಲ. ಅಲ್ಲಿ ಯಾರ ಹೊಲ, ಯಾರ ಮನಿ ಅಂತ ಬಾಂದ ಹಾಕಿದವರಿಲ್ಲ. ನೀರಿಗೆ ಅದು ಒಂದಽ ಮನಿ.”

ಹೇಳಿದ ಮಾತು ಅವನಿಗೇ ದೊಡ್ಡದಾಯಿತು. ಇಬ್ಬರೂ ತಾವು ಕುಳಿತ ನೆಲವನ್ನು ನೋಡಿಕೊಂಡರು. ಅದರ ಕೆಳಗೆ, ಕತ್ತಲೆಯಲ್ಲಿ, ಎಂಟು ತಿಂಗಳಿಂದ, ಕಲ್ಲಿನ ಕೂದಲೆಳೆಯಂಥ ಬಿರುಕುಗಳಲ್ಲಿ ಏನೋ ನಡೆದುಕೊಂಡು ಹೋಗುತ್ತಿತ್ತು; ಸದ್ದಿಲ್ಲ, ಬಣ್ಣವಿಲ್ಲ, ಅವಸರವಿಲ್ಲ. ಅದು ದಾರಿಯಲ್ಲಿ ಯಾರನ್ನೂ ಕೇಳಿರಲಿಲ್ಲ.

“ಸೀತಾಗೆ ನಾನಽ…” ಎಂದ ಜಯಪಾಲ.

“ಅಳೂದು ಆಮ್ಯಾಲ. ಫೌಜದಾರರ ಮುಂದ ಈ ಕಲ್ಲ ಎತ್ತಸ್ತಿಯೋ?”

“ಎತ್ತಸ್ತೇನಿ. ನನ್ನನ್ನಽ ಒಯ್ಯಲಿ.”

*

ಫೌಜದಾರರು ಟಾಂಗಾ ಇಳಿದು, ಮಾಯವ್ವನನ್ನು ಮುಂದೆ ಮಾಡಿಕೊಂಡೇ ಅಂಗಳಕ್ಕೆ ಬಂದರು. ಗಡಿಬಿಡಿಯ ಮನುಷ್ಯರಲ್ಲ. ಅಪ್ಪಣ್ಣ ಹೇಳಿದ್ದನ್ನೆಲ್ಲ ಕೇಳಿಕೊಂಡರು. ನಡುವೆ ಎಲೆ ಅಡಿಕೆಯನ್ನೂ ಹಾಕಿಕೊಂಡರು.

“ನಿಮ್ಮ ಕಡೆ ಸಾಕ್ಷಿ ಯಾರ್‍ಯಾರ್ರಿ? ಒಂದ ಎಮ್ಮಿ, ಒಂದ ಖಾಲಿ ಬಟ್ಟಿ.”

“ಓಣಿ ತುಂಬ ಮಂದಿ ಕಾಲ ಸೋತಾವ ಸಾಹೇಬರ.”

“ಮುದುಕರ ಕಾಲ ಜುಮು ಅನ್ನೂದು ಕಾಯ್ದೇದ ಯಾವ ಕಲಮಿನಾಗೂ ಬರೂದಿಲ್ಲ.”

“ಬಾವಿ ನೀರು ಪರೀಕ್ಷಾ ಮಾಡಾಕ ಪುಣೆಕ್ಕ ಕಳಸ್ರಿ. ಸೋಮಲ ಸಿಗಲಿಲ್ಲಂದ್ರ ನನ್ನ ಕಿವಿ ಹಿಂಡ್ರಿ.”

“ಸಿಗತೈತಿ ಅಂತಽ ಇಟಗೋರಿ.” ಫೌಜದಾರರು ಅಡಿಕೆಯ ಚೂರನ್ನು ದವಡೆ ಬದಲಿಸಿದರು. “ಸಿಕ್ಕರ ಅದನ್ನೂ ಮಾಯವ್ವನಽ ಹಾಕ್ಯಾಳ ಅಂತ ಬರೀತೇನಿ. ಸೋಮಲ ಸಿಕ್ಕಿದ್ದು ಅಕಿ ಗಂಟಿನಾಗ. ಒಬ್ಬರಿಗೆ ವಿಷ ಕೊಟ್ಟದ್ದಕ್ಕ ಒಂದ ಶಿಕ್ಷಾ, ಊರಿಗೇ ಕೊಟ್ಟದ್ದಕ್ಕ ಬ್ಯಾರೆ.”

ಮಾಯವ್ವ ಒಂದು ಹೆಜ್ಜೆ ಹಿಂದೆ ಸರಿದಳು. “ಅಪ್ಪಣ್ಣಾರ, ನೀವು ಬಿಡಸಾಕ ಬಂದೀರೋ ಗಲ್ಲಿಗೆ ಏರಸಾಕೋ?”

“ಸುಮ್ನಿರ ಯವ್ವಾ.” ಅಪ್ಪಣ್ಣ ಹಾಸುಗಲ್ಲನ್ನು ತೋರಿಸಿದ. “ಸಾಹೇಬರ, ಈ ಹಗೇವಿನಾಗ ಎಂಟ ತಿಂಗಳ ಹೊಲಸ ನಿಂತೈತಿ. ಒಂದ ಶೀಶೆ ಇಲ್ಲೀದು, ಒಂದ ಶೀಶೆ ಬಾವೀದು. ಎರಡರಾಗೂ ಸೋಮಲ, ಎರಡರಾಗೂ ಮೈಲುತುತ್ತ. ಮಾಯವ್ವ ಮೈಲುತುತ್ತ ಕಣ್ಣಿಲೆ ಕಂಡಿಲ್ಲ.”

“ಆತು,” ಎಂದರು ಫೌಜದಾರರು. ಅವರು ಅನ್ಯಾಯದವರಲ್ಲ. “ಹಗೇವಿನಾಗಿನ ನೀರು ತೋರಸ್ರಿ. ನೋಡಿದೆ ಅಂದ್ರ ಈ ಹೆಣ್ಣಮಗಳನ್ನ ಇಲ್ಲೇ ಬಿಟ್ಟ ಹೋಗತೇನಿ.”

ಆಳುಗಳು ಹಾರೆ ಹಾಕಿದರು. ಮಣ್ಣು ಬಿರಿಯಿತು. ಕಲ್ಲು ಹಗೇವಿನ ಬಾಯಿ ಬಿಟ್ಟು ಪಕ್ಕಕ್ಕೆ ಬಿತ್ತು. ಮುಚ್ಚಿದ ಹಗೇವಿನೊಳಗೆ ಉಸಿರುಗಟ್ಟಿಸುವ ಗಾಳಿ ಇರುತ್ತದೆಂದು ಮೊದಲು ದೀಪ ಇಳಿಸುವುದು ರೂಢಿ. ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು.

ಎಲ್ಲರೂ ಬಗ್ಗಿದರು.

ದೀಪ ಇಳಿಯಿತು. ಅದರ ಜೊತೆಗೇ ಗೋಡೆಗಳು ಒಂದೊಂದು ಗೇಣಾಗಿ ಹೊತ್ತಿಕೊಂಡವು. ನವಿಲಿನ ಕುತ್ತಿಗೆ, ಗಿಳಿಯ ರೆಕ್ಕೆ, ಎಳೆಯ ಬಾಳೆಯ ಸುಳಿ, ಇನ್ನೂ ಹೆಸರಿಡದ ಹಸಿರುಗಳು. ನೆಲದ ಹೊಟ್ಟೆಯಲ್ಲಿ ಯಾರೋ ಅರಮನೆ ಕಟ್ಟಿದ ಹಾಗಿತ್ತು. ಮಾಯವ್ವ ತನ್ನ ಕಷ್ಟ ಮರೆತು “ಯವ್ವಾ ಯವ್ವಾ” ಎಂದಳು. ಫೌಜದಾರರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಕಂದೀಲು ಇನ್ನೂ ಇಳಿಯುತ್ತಿತ್ತು. ನೀರು ಮುಟ್ಟಿ ಆರಬೇಕಾಗಿತ್ತು. ಆರಲಿಲ್ಲ. ಠಣ್ ಎಂದು ತಳದ ಕಲ್ಲಿಗೆ ತಾಗಿ ನಿಂತಿತು. ಅದರ ಕುಡಿ ಒಂದು ಬದಿಗೆ, ಗೋಡೆಯ ಬುಡದ ಕರಿಯ ಬಿರುಕಿನ ಕಡೆಗೆ, ಒಳಗಿನಿಂದ ಯಾರೋ ಎಳೆಯುತ್ತಿರುವ ಹಾಗೆ ಬಾಗಿತು.

ತಳದಲ್ಲಿ ಒಂದು ಬೊಗಸೆ ನೀರಿರಲಿಲ್ಲ.

“ಮೊನ್ನಿ ಸೈತ ಹೊಯ್ಸೇನಿ,” ಎಂದ ಜಯಪಾಲ. “ಹಂಡೆ ಹಂಡೆ ಹೊಯ್ಸೇನಿ. ಸಾಹೇಬರ, ನಾನಽ ಹೊಯ್ಸೇನಿ.”

“ಹೊಯ್ಸಿದ್ದು ಎಲ್ಲೈತಿ?”

“ಇಲ್ಲೇ ಇತ್ತು…”

“ಬಣ್ಣದ ಅಂಗಳದಾಗ ಗೋಡಿಗೆ ಬಣ್ಣ ಹತ್ತಿದ್ದು ನೋಡಿದೆ. ಅದ ಬಿಟ್ಟರ ಹೆಂಡತಿ ಮಲಗಿದಾಗಿಂದ ನಿದ್ದಿ ಮಾಡದ ಒಬ್ಬ ಗಂಡನ್ನ ನೋಡಿದೆ.” ಫೌಜದಾರರು ಮೆತ್ತಗೆ ಹೇಳಿದರು. “ಎರಡನೇ ಶೀಶೆ ಎಲ್ಲಿ ತುಂಬಲ್ರಿ, ಅಪ್ಪಣ್ಣಾರ?”

ಅಪ್ಪಣ್ಣ ಬಗ್ಗಿ ಆ ಬಿರುಕನ್ನು ಇನ್ನೊಮ್ಮೆ ನೋಡಿದ. ಬಸದಿ ಬಾವಿಗೆ ಇಷ್ಟೂ ಬಂದಿದ್ದರೆ ಅಲ್ಲಿ ಯಾರೂ ಇಷ್ಟು ದಿನ ಉಳಿಯುತ್ತಿರಲಿಲ್ಲ. ಅಲ್ಲಿಗೆ ಬಂದದ್ದು ಒಂದು ಪಾಲು. ಉಳಿದದ್ದು ಬೇರೆ ಕಡೆ ನಡೆದಿತ್ತು. ಪಕ್ಕದೂರು ಮೇಲವಂಕಿಯ ದಿಕ್ಕಿಗೋ, ಹೊಳೆಗೋ, ಇನ್ನಾವ ಬಾವಿಗೋ. ಅವನು ತಲೆ ಎತ್ತಿ ನಾಲ್ಕೂ ಕಡೆ ನೋಡಿದ. ಎಲ್ಲ ಕಡೆಗೂ ನೆಲವೇ ಇತ್ತು.

ಫೌಜದಾರರು ಮಾಯವ್ವನನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಗೋಕಾಕಕ್ಕೆ ಒಯ್ದರು.